ಎರಡು ಕಡೆ ಕಟ್ಟಿದವರ ಪಿಂಚಣಿ

ರಾಯರೇ, ಪಿಂಚಣಿ ಮಾತು ನೀವೇ ಎತ್ತಿದ್ರಲ್ಲ, ಅದಕ್ಕೇ ಹೇಳ್ತೀನಿ ಕೇಳಿ. ಅಮೆರಿಕದ ಒಹಾಯೋದಲ್ಲಿ ನನ್ನ ಮಗಳ ಪಕ್ಕದ ಮನೆಯವರು ಫೈರ್ ಸರ್ವಿಸ್‌ನಲ್ಲಿದ್ದು ರಿಟೈರ್ ಆದೋರು. ಅಲ್ಲಿ 24 ಗಂಟೆ ಡ್ಯೂಟಿ, 48 ಗಂಟೆ ಬಿಡುವು. ಬಿಡುವಲ್ಲಿ ಸುಮ್ಮನೆ ಕೂತೋರಲ್ಲ ಪುಣ್ಯಾತ್ಮ, ಮನೆಗಳ ಛಾವಣಿ ಹೊದಿಸೋ ಕೆಲಸಕ್ಕೆ ಹೋಗ್ತಿದ್ರು. ಆ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ, ಅಂದ್ರೆ ಅಲ್ಲಿನ ಸರ್ಕಾರಿ ಪಿಂಚಣಿ ಯೋಜನೆಯ ತೆರಿಗೆ ಹಿಡಿದುಕೊಳ್ತಿದ್ರು. ಫೈರ್ ಸ್ಟೇಷನ್ ಸಂಬಳದಲ್ಲಿ ಹಿಡಿಯೋದಿಲ್ಲ. ಅದಕ್ಕೆ ಬೇರೆಯದೇ ಪಿಂಚಣಿ ನಿಧಿ.

ಎರಡೂ ಕಡೆ ಕಟ್ಟಿದ ಮೇಲೆ ಎರಡೂ ಪೂರ್ತಿ ಬರಬೇಕು ತಾನೆ? ಇಲ್ಲ ಅಂತಿತ್ತು 1983ರ ಕಾನೂನು. ಕಡಿಮೆ ಕೂಲಿಯವರಿಗೆ ಆಸರೆಯಾಗ್ಲಿ ಅಂತ ಸರಾಸರಿ ಗಳಿಕೆಯ ಮೊದಲ ಭಾಗಕ್ಕೆ ನೂರಕ್ಕೆ 90 ಕೊಡೋದು ಸೋಷಿಯಲ್ ಸೆಕ್ಯುರಿಟಿ ಪದ್ಧತಿ. ಇಂಥವರಿಗೆ ಅದನ್ನ 40ರವರೆಗೂ ಇಳಿಸ್ತಿದ್ರು. 2024ರಲ್ಲಿ ತಿಂಗಳಿಗೆ 587 ಡಾಲರ್‌ವರೆಗೂ ಖೋತಾ! ದಾಖಲೆಯಲ್ಲಿ ಬಿಡುವಿನ ದುಡಿಮೆ ಮಾತ್ರ ಇರೋದ್ರಿಂದ ಇವರು ಬಡವರ ಸಾಲಿಗೆ ಸೇರಿಬಿಡ್ತಾರೆ ಅನ್ನೋದು ಸರ್ಕಾರದ ವಾದ. ಅದರಲ್ಲಿ ಹುರುಳಿದೆ, ಒಪ್ಪೋಣ.

ಕರುಳು ಹಿಂಡೋದು ಇನ್ನೊಂದು ನಿಯಮ, 1977ರದ್ದು. ಆ ಪಕ್ಕದ ಮನೆಯವರ ಹೆಂಡತಿ ನರ್ಸ್, ಕೆಲಸ ಮಾಡಿದಷ್ಟು ಕಾಲವೂ ಸೋಷಿಯಲ್ ಸೆಕ್ಯುರಿಟಿಗೆ ಕಟ್ಟಿದ್ರು. ತೀರಿಕೊಂಡ್ರು. ಅವರ ಲೆಕ್ಕದಲ್ಲಿ ಗಂಡನಿಗೆ ಬರಬೇಕಾದ ದುಡ್ಡಿನಿಂದ ಗಂಡನ ಫೈರ್ ಸರ್ವಿಸ್ ಪಿಂಚಣಿಯ ಮೂರನೇ ಎರಡು ಭಾಗ ಕಳೀತಿದ್ರು. ಪಿಂಚಣಿ 3000 ಡಾಲರ್ ಅಂದ್ಕೊಳ್ಳಿ, ಕಳೆಯೋದು 2000. ಹೆಂಡತಿ ಕಡೆಯಿಂದ ಬರೋದು 1800 ಇದ್ರೆ ಕೈಗೆ ಸೊನ್ನೆ. ಆಯಮ್ಮ ಅಷ್ಟು ವರ್ಷ ರಾತ್ರಿ ಪಾಳಿ ಮಾಡಿದ್ದು ಏನಾಯ್ತು ಹೇಳಿ? ಹೆಂಗಸರು ಫೈರ್ ಸರ್ವಿಸ್‌ನಲ್ಲಿದ್ದು ಗಂಡನನ್ನ ಕಳ್ಕೊಂಡ್ರೂ ಇದೇ ಗತಿ ಇತ್ತು.

ಅಗ್ನಿಶಾಮಕದವರ ಸಂಘ, ಟೀಚರ್‌ಗಳು, ಪೊಲೀಸರು ಎಷ್ಟೋ ವರ್ಷ ಬೆನ್ನು ಬಿಡದೆ ಕೂಗಿದ ಮೇಲೆ ಸೆನೆಟ್‌ನಲ್ಲಿ 76–20 ಮತದಿಂದ ಎರಡೂ ನಿಯಮ ರದ್ದಾದ್ವು. 2025ರ ಜನವರಿ 5ಕ್ಕೆ ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ್ರು. ಹತ್ತು ವರ್ಷಕ್ಕೆ ಸುಮಾರು 19,600 ಕೋಟಿ ಡಾಲರ್ ಖರ್ಚು ಅಂತ ಅಂದಾಜು, ಸೋಷಿಯಲ್ ಸೆಕ್ಯುರಿಟಿ ನಿಧಿ ಇನ್ನೂ ಬೇಗ ಕರಗುತ್ತೆ ಅನ್ನೋ ಆತಂಕವೂ ಸುಳ್ಳಲ್ಲ. ಹಾಗಂತ ಹೆಂಡತಿ ಸತ್ತವನ ಕೈಯಿಂದ ಕಿತ್ತು ನಿಧಿ ಉಳಿಸೋದಾ? ನಾನಂತೂ ಒಪ್ಪಲ್ಲ ರಾಯರೇ.

ಬಾಕಿ ಸಿಕ್ಕಿದ್ದು 2024ರ ಜನವರಿಯಿಂದ ಈಚೆಗೆ ಮಾತ್ರ. ಆಯಮ್ಮ ಹೋಗಿದ್ದು ಅದಕ್ಕೂ ಮುಂಚೆ. ನಡುವಿನ ವರ್ಷಗಳದ್ದು ಬರಲೇ ಇಲ್ಲ, ಇನ್ನು ಬರೋದೂ ಇಲ್ಲ.