ಕತ್ತರಿ ಕೈಯ ರಾಯರು

ಹೊಸದಾಗಿ ತೋಟಗಾರಿಕೆ ಹಿಡಿದವರನ್ನು ಗುರುತಿಸುವುದು ಸುಲಭ. ಗಿಡ ಒಂದೇ ಇರುತ್ತದೆ, ಸಲಕರಣೆ ಮನೆ ತುಂಬ. ನಮ್ಮ ಪಕ್ಕದ ಮನೆ ರಾಯರ ಸೊಂಟದಲ್ಲಿ ಕೆಂಪು ಹಿಡಿಯ ಕತ್ತರಿ ಸದಾ ಸಿಕ್ಕಿಸಿರುತ್ತದೆ. ಸರ್ವಿಸಿನುದ್ದಕ್ಕೂ ಕಂಡವರ ಟಿಎ ಬಿಲ್ಲು ಕತ್ತರಿಸಿದ ಕೈ ಅದು, ಸುಮ್ಮನಿರಲು ಬರುವುದಿಲ್ಲ.

ಗಿಡ ಬಂದದ್ದು ಮಡಿಕೇರಿಯ ಷಡ್ಡಕರ ಮನೆಯಿಂದ. ಹೈಡ್ರೇಂಜಿಯ. ಅಲ್ಲಿ ಹೂಕೋಸಿನ ಗಾತ್ರದ ನೀಲಿ ಗೊಂಚಲು ಬಿಡುತ್ತಿದ್ದದ್ದು ಬೆಂಗಳೂರಿನ ಕುಂಡದಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟಿತು. ರಾಯರು ಫೋನೆತ್ತಿದರು: “ಏನ್ರೀ, ಒಂದು ತೋರಿಸಿ ಇನ್ನೊಂದು ಕೊಟ್ಟುಬಿಟ್ರಲ್ಲ!” ಆ ಕಡೆ ಸ್ಪೀಕರಿನಲ್ಲಿ ಕೇಳಿಸಿಕೊಂಡ ನಾದಿನಿ, ಇದು ತನ್ನ ಅಕ್ಕನ ಮದುವೆಯ ಮಾತೆಂದೇ ತಿಳಿದರು. ದೀಪಾವಳಿವರೆಗೆ ಎರಡು ಮನೆಗೂ ಮಾತಿರಲಿಲ್ಲ.

ಅಸಲಿಗೆ ಕೈಕೊಟ್ಟದ್ದು ನಮ್ಮ ಬೋರ್‌ವೆಲ್ಲಿನ ಗಡಸು ನೀರು. ಕೊಡಗಿನ ಹುಳಿ ಮಣ್ಣಿನಲ್ಲಿ, ಪಿಎಚ್ 5.5ಕ್ಕಿಂತ ಕೆಳಗಿದ್ದರೆ, ಬೇರು ಅಲ್ಯೂಮಿನಿಯಂ ಹೀರಿಕೊಂಡು ಹೂ ನೀಲಿಯಾಗುತ್ತದೆ. ಸುಣ್ಣದಂಶ ಏರಿದರೆ ಗುಲಾಬಿ. ಬಿಳಿ ಹೂವಿನ ತಳಿಗೆ ಮಾತ್ರ ಈ ರಗಳೆಯಿಲ್ಲ. ಇಷ್ಟು ಹೇಳಿದ ಸಂಜೆಯೇ ರಾಯರು ಪಟಿಕ ತಂದು ಕುಟ್ಟಿ ಬುಡಕ್ಕೆ ಸುರಿದರು. ತಿಂಗಳುಗಳ ಕೆಲಸವನ್ನು ಬೆಳಗಿನ ಕಾಫಿಯ ಹೊತ್ತಿಗೆ ನಿರೀಕ್ಷಿಸಿ, ಹೂವಿನ ಮುಂದೆ ಕನ್ನಡಕ ಒರೆಸಿಕೊಂಡು ನಿಂತಿದ್ದರು. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತುಬಿದ್ದರಂತೂ ಬಕೆಟ್ ಹಿಡಿದು ಓಡುತ್ತಾರೆ. ಮಣ್ಣು ಒದ್ದೆಯಿದ್ದರೆ ಆ ಎಲೆ ಸಂಜೆಗೆ ತಾನೇ ಏಳುತ್ತದೆ. ಕೀರ್ತಿ ಬಕೆಟ್ಟಿಗೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಜನವರಿ. ಗುಲಾಬಿಗಿಡಕ್ಕೆ ಒಗ್ಗಿದ ಚಿಕಿತ್ಸೆ ಎಲ್ಲಕ್ಕೂ ಒಗ್ಗಬೇಕೆಂಬುದು ರಾಯರ ಸಿದ್ಧಾಂತ. ಸಂಕ್ರಾಂತಿ ಎಳ್ಳು ಬೀರಿ ಮುಗಿಯುವುದೇ ತಡ, ಗಿಡವನ್ನು ಗೇಣುದ್ದಕ್ಕೆ ಇಳಿಸುತ್ತಾರೆ. ಈ ಜಾತಿಯ ಹೈಡ್ರೇಂಜಿಯ ಹೂ ಬಿಡುವುದು ಹಳೆಯ ಕಡ್ಡಿಯಲ್ಲಿ. ಮಳೆಗಾಲದಲ್ಲಿ ಬೆಳೆದ ಕಡ್ಡಿಯ ತುದಿಯೊಳಗೆ ಬೇಸಿಗೆಯ ಹೂವು ಚಳಿಗೇ ಬಂದು ಕೂತಿರುತ್ತದೆ. ಕತ್ತರಿಗೆ ಮೊದಲು ಸಿಗುವುದೇ ಆ ತುದಿ. ವರ್ಷವಿಡೀ ಸೊಂಪಾದ ಎಲೆ. ಹೂ ಮಾತ್ರ ಸೊನ್ನೆ. “ದೃಷ್ಟಿ ತಾಗಿದೆ ಕಣ್ರೀ” ಎಂದು ನನ್ನ ಮುಖವನ್ನೇ ನೋಡುತ್ತಾರೆ. ಹೂ ಬಾಡಿದ ಕೂಡಲೇ, ಅದರ ಕೆಳಗಿನ ದಪ್ಪ ಮೊಗ್ಗಿನ ಜೋಡಿಯ ಮೇಲೆ ಕತ್ತರಿಸಿದರೆ ಸಾಕೆಂದು ಹೇಳಿ ನೋಡಿದೆ. “ನೀವು ಎಷ್ಟು ಗಿಡ ಬೆಳೆಸಿದೀರಿ?” ಅಂದರು. ನನ್ನ ಗಿಡಜ್ಞಾನವೆಲ್ಲ ಕಾಂಪೌಂಡಿನ ಈಚೆ ನಿಂತು ಅವರ ತಪ್ಪು ಎಣಿಸಿ ಗಳಿಸಿದ್ದು, ಬಾಯಿ ಮುಚ್ಚಿಕೊಂಡೆ.

ಆದರೂ ಕತ್ತರಿಸಿದ ಕಡ್ಡಿಯನ್ನು ಎಸೆಯಲು ಅವರಿಗೆ ಮನಸ್ಸು ಬಾರದು. ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಎಲೆ ಅರ್ಧ ಮಾಡಿ, ಹಾಲಿನ ಕವರಿನ ಮರಳುಮಣ್ಣಿಗೆ ಚುಚ್ಚಿ, ನೆರಳಿನಲ್ಲಿಟ್ಟು ಮಗುವಿನಂತೆ ನೋಡಿಕೊಳ್ಳುತ್ತಾರೆ. ಬೇರು ಬಿಟ್ಟದ್ದನ್ನು ಮನೆಮನೆಗೆ ಹಂಚುತ್ತಾರೆ. ಮಗಳು ಪರದೇಶ ಸೇರಿದ ಮೇಲೆ ರಾಯರು ಬೀದಿಯವರ ಬಾಗಿಲು ತಟ್ಟಲು ಶುರುಮಾಡಿದ್ದೇ ಈ ಕವರುಗಳ ನೆಪದಲ್ಲಿ. ಈಗ ನಮ್ಮ ಬೀದಿಯ ಎಲ್ಲ ಮನೆಯಲ್ಲೂ ಹೈಡ್ರೇಂಜಿಯ ಅರಳುತ್ತದೆ, ರಾಯರದ್ದೊಂದು ಬಿಟ್ಟು.

ಕೊಟ್ಟ ಗಿಡ ಹೇಗಿದೆ ಎಂದು ನೋಡಲು ಅವರು ಜನವರಿಯಲ್ಲಿ ನಿಮ್ಮ ಗೇಟಿಗೂ ಬಂದಾರು. ಒಳಗೆ ಕರೆಯಿರಿ, ಕಾಫಿ ಕೊಡಿ, ಕತ್ತರಿ ಹೊರಬಂದರೆ ದಾಸವಾಳದ ಕಡೆ ತಿರುಗಿಸಿ. ಅದು ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ, ಎಷ್ಟು ಕತ್ತರಿಸಿದರೂ ತಡೆದುಕೊಳ್ಳುತ್ತದೆ.