ಗೌರಿಗಿಂತ ಒಂದು ಮೆಟ್ಟಿಲು ಕೆಳಗೆ

ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ, ನನ್ನ ಹೆಂಡತಿಯ ಸೋದರಮಾವನ ಒಂಟಿ ಮನೆಯಿದೆ. ಆ ಮನೆಗೆ ಕರೆಂಟಿನ ಕಂಬ ಬಂದಿಲ್ಲ, ತೋಟಕ್ಕೆ ಸರ್ಕಾರಿ ಗೊಬ್ಬರ ಇಳಿದಿಲ್ಲ. 1964ರಲ್ಲಿ ಲಿಂಗನಮಕ್ಕಿಗೆ ಅಣೆಕಟ್ಟು ಕಟ್ಟಿ, ಕೆಳಗೆ 1,035 ಮೆಗಾವ್ಯಾಟ್‌ನ ವಿದ್ಯುದಾಗಾರ ಕೂರಿಸಿ ನಾಡಿಗೆಲ್ಲ ಬೆಳಕು ಹಂಚಿದ ಕಣಿವೆಯಿದು. ಮಾವನ ಮನೆಯ ತನಕ ಬರುವಷ್ಟರಲ್ಲಿ ಕಂಬ ಮುಗಿದುಹೋಗಿದ್ದವು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ಇಷ್ಟು ಅಕ್ಷರಶಃ ಪಾಲಿಸಿದ ಊರು ಬೇರೆ ಇರಲಾರದು.

ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ, ಮೊಬೈಲು ಗದ್ದಲವಿಲ್ಲದೆ ನಾಲ್ಕು ದಿನ ಇದ್ದು ಬರೋಣವೆಂದು ಅಲ್ಲಿಗೆ ಹೋದೆವು. ಬ್ಯಾಗಿನ ತಳದಲ್ಲಿ, ಬೆಳಗಿನ ಗ್ರೀನ್ ಟೀಗೆ ಬೇಕಾಗುತ್ತದೆಂದು, ಒಂದು ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಂಡಿದ್ದೆ. ಸರಳ ಜೀವನಕ್ಕೂ ಸ್ವಲ್ಪ ತಯಾರಿ ಬೇಕಲ್ಲ.

ಮಾವನಿಗೆ ಅವರದೇ ಕರೆಂಟಿದೆ. ಗುಡ್ಡದ ಮೇಲಿನ ಹಳ್ಳದ ನೀರು ಪೈಪಿನಲ್ಲಿ ಇಳಿದು, ಬಚ್ಚಲ ಹಿಂದಿನ ಶೆಡ್ಡಿನಲ್ಲಿ ಬಕೆಟ್ಟಿನಷ್ಟು ದೊಡ್ಡ ಟರ್ಬೈನನ್ನು ತಿರುಗಿಸುತ್ತದೆ. "25 ಮೀಟರ್ ಎತ್ತರ, ಸೆಕೆಂಡಿಗೆ 4 ಲೀಟರ್ ನೀರು. ಕಾಗದದ ಮೇಲೆ ಹತ್ರ ಹತ್ರ 1,000 ವ್ಯಾಟ್. ದಾರಿಯಲ್ಲಿ ಸೋರಿ ಕೈಗೆ ಸಿಗೂದು 500. ಬೇರೆ ಅನುದಾನಗಳಿಗೆ ಹೋಲಿಸಿದ್ರೆ ವಾಸಿಯೇ ಅನ್ನಿ ಅಳಿಯಂದಿರೇ" ಅಂದರು. ನನ್ನ ಕೆಟಲ್‌ನ ಬುಡದಲ್ಲಿ 1,500 ವ್ಯಾಟ್ ಎಂದು ಬರೆದಿತ್ತು. ಅದನ್ನು ನಾನು ಓದಿದ್ದು ಆಮೇಲೆ.

ರಾತ್ರಿ ಎಲ್ಲರೂ ಊಟಕ್ಕೆ ಕೂತಿರುವಾಗ ಸ್ವಿಚ್ಚು ಒತ್ತಿದೆ. ದೀಪಗಳು ಕೆಂಪಗಾಗಿ, ಕಣ್ಣು ಮುಚ್ಚಿದವು. ಕತ್ತಲಲ್ಲಿ ಒಂದೆಲಗದ ತಂಬುಳಿ ಸುರಿಯುವ ಸದ್ದು ನಿಲ್ಲಲಿಲ್ಲ. ಮಾವ ನಿಧಾನಕ್ಕೆ ಹೇಳಿದರು: "ಅಳಿಯಂದಿರು ಚಾ ಮಾಡ್ಕೊಳ್ತಾ ಇದ್ದಾರೆ, ಕಾಣ್ತದೆ."

ಮಾಡಿದ ತಪ್ಪು ತಿದ್ದಿಕೊಳ್ಳೋಣವೆಂದು ಮಲಗುವ ಮುಂಚೆ ಕೋಣೆ ಕೋಣೆ ಸುತ್ತಿ ದೀಪ ಆರಿಸಿದೆ. ಬೆಂಗಳೂರಿನಲ್ಲಿ ಬಿಲ್ಲು ಕಟ್ಟಿ ಬಂದ ಸಂಸ್ಕಾರ. ಕೊನೆಗೆ ಜಗಲಿಯಲ್ಲಿ ಉಳಿದಿದ್ದ ಒಂಟಿ ಬಲ್ಬು ಮದುವೆ ಮನೆಯ ಹಾಗೆ ಬೆಳಗಿ, ಟಪ್ ಎಂದಿತು. ಮಾವ ಟಾರ್ಚು ಹಿಡಿದು ಬಂದರು. "ಹಳ್ಳಕ್ಕೆ ಸ್ವಿಚ್ಚಿಲ್ಲ ನೋಡಿ. ನೀವು ಆರಿಸಿದ್ದರ ಪಾಲೂ ಉಳಿದ ದೀಪದ ತಲೆ ಮೇಲೇ ಬೀಳ್ತದೆ. ಇಲ್ಲಿ ಆರಿಸೂದು ದುಂದು." ಹಾಗಾಗಿ ಮಳೆಗಾಲವಿಡೀ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಯಾರೂ ಇಲ್ಲದ ಸೌದೆ ಮನೆಯಲ್ಲೂ ದೀಪ ಉರಿಯುತ್ತಲೇ ಇರುತ್ತದೆ. ಒಂದೇ ದಿನದಲ್ಲಿ ಕರೆಂಟನ್ನು ಹೆಚ್ಚು ಬಳಸಿಯೂ ಕಡಿಮೆ ಬಳಸಿಯೂ ಮನೆ ಕತ್ತಲು ಮಾಡಿದ ಮೊದಲ ನೆಂಟ ನಾನೇ ಇರಬೇಕು.

ಮರುದಿನದಿಂದ ನನಗೆ ನನ್ನ ಸ್ಥಾನದ ಚಿಂತೆ ಹತ್ತಿತು. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಕೆಲಸವಿದೆ. ಅಡಕೆ ಸಿಪ್ಪೆ ಹಂಡೆಯೊಲೆಗೆ, ಒಲೆಯ ಬೂದಿ ಪಾತ್ರೆಗೆ, ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ. ಗೌರಿ ಎಂಬ ಮಲೆನಾಡು ಗಿಡ್ಡ ಹಸುವಂತೂ ಹುಲ್ಲು ತಿಂದು ಹಾಲನ್ನೂ ಸಗಣಿಯನ್ನೂ ಕೊಡುತ್ತದೆ. ಕಿಲೋ ಸಗಣಿಗೆ ಸುಮಾರು 40 ಲೀಟರ್ ಗ್ಯಾಸು. ನನ್ನ ಕಾಫಿಯ ಹಾಲೂ ಅವಳದೇ, ಕಾಯಿಸಿದ ಬೆಂಕಿಯೂ ಅವಳದೇ. ಮೂರು ಹೊತ್ತು ಉಂಡು ಜಗಲಿಯಲ್ಲಿ ಮಳೆ ನೋಡುತ್ತಿದ್ದ ನನ್ನ ಲೆಕ್ಕ ಮಾತ್ರ ಯಾವ ಖಾತೆಗೂ ಕೂರುತ್ತಿರಲಿಲ್ಲ. ತೋಟಕ್ಕಿಳಿದಾಗ ಕಾಲಿಗೆ ಹತ್ತಿದ ಉಂಬಳಗಳಷ್ಟೇ ನನ್ನನ್ನು ಉಪಯುಕ್ತ ಪ್ರಾಣಿಯೆಂದು ಗುರುತಿಸಿದವು.

ಕೊನೆಗೆ ನಾನೇ ಕೆಲಸ ಕೇಳಿದೆ. ಜೀವಾಮೃತದ ಡ್ರಮ್ಮು ತಿರುಗಿಸಲು ಕೋಲು ಕೊಟ್ಟರು. 200 ಲೀಟರ್ ನೀರು, 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಡಲೆಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ಮೊದಲ ಮೂರನ್ನು ಬಿಟ್ಟರೆ ಬಹುಪಾಲು ಹೋಳಿಗೆಯ ಸಾಮಾನು. "ಇದೆಲ್ಲ ಯಾರಿಗೆ?" ಅಂದೆ. "ಸೂಕ್ಷ್ಮಜೀವಿಗಳಿಗೆ." ಕಣ್ಣಿಗೇ ಕಾಣದ ಆ ನೆಂಟರಿಗೆ ಎರಡು ಕಿಲೋ ಬೆಲ್ಲ, ನನ್ನ ಕಾಫಿಗೆ ಅರ್ಧ ಚಮಚ. ಆದರೆ ಅವು ದುಡಿಯುತ್ತವೆ, ವಾದಿಸುವ ಹಾಗಿಲ್ಲ.

ಪಾಯಿಖಾನೆಯ ವಿಷಯ ತಡವಾಗಿ ಹೇಳುತ್ತಿರುವುದು ಸಂಕೋಚದಿಂದ. ಅದು ಎರಡು ಗುಂಡಿಯ ಒಣ ಪದ್ಧತಿ: ಒಂದು ತುಂಬಿದರೆ ಮುಚ್ಚಿ ವರ್ಷ ಬಿಟ್ಟು, ಮಣ್ಣಾದ ಮೇಲೆ ತೆಗೆಯುವುದು. ಅತ್ತೆ ಉಪ್ಪಿನಕಾಯಿ ಹಾಕುವುದನ್ನು ಹೇಳಿಕೊಡುವ ದನಿಯಲ್ಲಿ, "ಎರಡು ಬೊಗಸೆ ದರಗು, ಮೇಲೆ ಒಂದು ಮುಷ್ಟಿ ಬೂದಿ, ನೀರು ಮಾತ್ರ ಸೋಕಬಾರದು" ಎಂದರು. ನಿಜ ಹೇಳಬೇಕೆಂದರೆ ವಾಸನೆಯೇ ಇರಲಿಲ್ಲ. ಹೊರಡುವ ದಿನ ಕಾಲಿಗೆ ಬಿದ್ದು, "ಏನೂ ಸಹಾಯ ಆಗ್ಲಿಲ್ಲ ಮಾವ" ಅಂದಾಗ ಅವರು ಗುಂಡಿಯ ಕಡೆ ನೋಡಿ, "ಹಂಗೇನಿಲ್ಲ, ನಾಲ್ಕು ದಿನ ಇದ್ದಿರಲ್ಲ" ಎಂದರು. ಉಪಚಾರದ ಮಾತೆಂದುಕೊಂಡೆ.

ಎರಡು ವರ್ಷವಾದ ಮೇಲೆ ಬಸ್ಸಿನಲ್ಲಿ ಒಂದು ರಸಬಾಳೆ ಗೊನೆ ಬಂತು. ನಾವಿಬ್ಬರೂ ತಿಂದು, ಪಕ್ಕದ ಮನೆಯವರಿಗೂ ಒಂದು ಚಿಪ್ಪು ಕೊಟ್ಟೆವು. ಸಂಜೆ ಮಾವ, ಸಿಗ್ನಲ್ ಸಿಗುವ ಗುಡ್ಡದ ಬಂಡೆ ಹತ್ತಿ ಫೋನು ಮಾಡಿದರು. "ಮುಟ್ತಾ ಅಳಿಯಂದಿರೇ? ನೀವು ಬಂದಾಗ ನಡೀತಿತ್ತಲ್ಲ, ಆ ಗುಂಡಿದೇ ಗೊಬ್ಬರ."

ಹೆಂಡತಿ ಕೈಯಲ್ಲಿದ್ದ ನಾಲ್ಕನೇ ಹಣ್ಣನ್ನೂ ನನ್ನನ್ನೂ ಒಮ್ಮೆ ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಇಂಥ ರುಚಿ ಕಂಡೇ ಇರಲಿಲ್ಲವಂತೆ. "ಏನು ಗೊಬ್ಬರ ಹಾಕ್ತಾರಂತೆ, ಸಾರ್?"

"ಮನೆಯದೇ" ಅಂದೆ.