‘ನನ್ನನ್ನು ಬಿಟ್ಟುಹೋಗಲೆಂದೇ ನನ್ನ ಪಕ್ಕ ಮನೆ ಮಾಡ್ತಾರೆ’

ಲಂಡನ್ನಿನ ವಾಟರ್‌ಲೂದಿಂದ ನೈರುತ್ಯಕ್ಕೆ 12 ಮೈಲಿ. ವೇಗದ ರೈಲು ಸಿಕ್ಕರೆ ಇಪ್ಪತ್ತು ನಿಮಿಷದೊಳಗಿನ ದಾರಿ. ಬಿಳಿ ಕಾಂಕ್ರೀಟಿನ ಮೈ, ನೀಳ ಕಿಟಕಿಗಳು, ನೆತ್ತಿಯಲ್ಲಿ ಗಡಿಯಾರದ ಗೋಪುರ. ಸರ್ಬಿಟನ್ ರೈಲು ನಿಲ್ದಾಣಕ್ಕೆ ನೂರ ಎಂಬತ್ತು ದಾಟಿದೆ ಎಂದರೆ ನಂಬುವುದು ಕಷ್ಟ. ಬೆಳಗಿನ ನೂಕುನುಗ್ಗಲು ಕರಗಿದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆಯೇ ಮಾತಿಗೆ ಸಿಕ್ಕಿತು.

ಹುಟ್ಟಿದ್ದು ಯಾವಾಗ?

1838ರ ಮೇ 21. ಲಂಡನ್ ಅಂಡ್ ಸೌತಾಂಪ್ಟನ್ ರೈಲ್ವೆಯವರು ಲಂಡನ್ನಿನ ನೈನ್ ಎಲ್ಮ್ಸ್‌ನಿಂದ ವೋಕಿಂಗ್‌ವರೆಗೆ ಹಳಿ ತೆರೆದ ದಿನ. ವಾಟರ್‌ಲೂ ಕಣ್ಣು ಬಿಟ್ಟದ್ದು 1848ರಲ್ಲಿ, ನನಗಿಂತ ಹತ್ತು ವರ್ಷ ಕಿರಿಯ. ಈಗ ನೋಡಿ, ಯಾರಿಗೇ ನನ್ನ ಪರಿಚಯ ಹೇಳಬೇಕಾದರೂ ‘ವಾಟರ್‌ಲೂದಿಂದ ಇಷ್ಟು ನಿಮಿಷ’ ಅಂತಲೇ ಶುರು ಮಾಡ್ತಾರೆ.

ನಾಮಕರಣದಲ್ಲೇ ಏನೋ ಗೊಂದಲವಂತೆ?

ಗೊಂದಲ ಅಲ್ಲ ಸ್ವಾಮಿ, ಅವಮಾನ. ಪಕ್ಕದ ಕಿಂಗ್‌ಸ್ಟನ್ ಘನವಂತರ ಊರು. 925ರಲ್ಲಿ ಏಥೆಲ್‌ಸ್ಟನ್ ರಾಜನಿಗೆ ಪಟ್ಟ ಕಟ್ಟಿದ ಜಾಗ. ಕುದುರೆ ಗಾಡಿಗಳು ನಿಲ್ಲಬೇಕು, ಪ್ರಯಾಣಿಕರು ಛತ್ರದಲ್ಲಿ ಉಣ್ಣಬೇಕು, ಊರಿಗೆ ನಾಲ್ಕು ಕಾಸು ಸೇರಬೇಕು. ರೈಲು ಬಂದರೆ ಈ ವರಮಾನಕ್ಕೆ ಕಲ್ಲು ಬೀಳುತ್ತದೆ ಅಂತ ಊರಿನವರು ಅಡ್ಡ ನಿಂತರು ಎಂದು ಹೇಳಿಕೊಂಡು ಬಂದಿದ್ದಾರೆ. ಹಳಿ ಈ ಕಡೆ ಹೊಲಕ್ಕೆ ತಿರುಗಿತು. ತಮಾಷೆ ಅಂದ್ರೆ, ಆಮೇಲೆ ನನಗಿಟ್ಟ ಹೆಸರೂ ಕಿಂಗ್‌ಸ್ಟನ್! ಬೇಡವೆಂದವರ ಮನೆತನದ ಹೆಸರು ಹೊತ್ತು ಬೆಳೆದ ಕೂಸು ನಾನು.

ಆಮೇಲೆ ಕಿಂಗ್‌ಸ್ಟನ್ ಪಶ್ಚಾತ್ತಾಪಪಟ್ಟಿತೇ?

1863ರಲ್ಲಿ ಅವರಿಗೂ ಒಂದು ನಿಲ್ದಾಣ ಬಂತು, ಟ್ವಿಕೆನ್‌ಹ್ಯಾಮ್ ಕಡೆಯಿಂದ ಸುತ್ತಿಕೊಂಡು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತೀರಲ್ಲ, ಹಾಗೆ. ಮುಖ್ಯ ಮಾರ್ಗ ಇವತ್ತಿಗೂ ನನ್ನ ಎದೆಯ ಮೇಲೇ ಹರಿಯೋದು. ಆ ದಶಕದಲ್ಲೇ ನನಗೆ ಸರ್ಬಿಟನ್ ಅಂತ ಸ್ವಂತ ಹೆಸರೂ ಆಯ್ತು. ಅಷ್ಟರಲ್ಲಿ ಸುತ್ತಲ ಹೊಲವೆಲ್ಲ ಮನೆಯಾಗಿತ್ತು. ಸಾಮಾನ್ಯವಾಗಿ ಊರಿಗೊಂದು ನಿಲ್ದಾಣ ಕಟ್ಟಿಸ್ತಾರೆ. ಇಲ್ಲಿ ನಿಲ್ದಾಣವೇ ಊರು ಕಟ್ಟಿಸಿತು.

ಮೊದಲ ದಿನಗಳ ನೆನಪು?

ಹುಟ್ಟಿ ಹತ್ತು ದಿನ ಆಗಿರಲಿಲ್ಲ, ಇಲ್ಲೇ ಹತ್ತಿರದ ಎಪ್ಸಮ್‌ನಲ್ಲಿ ಡರ್ಬಿ ಕುದುರೆ ಜೂಜು. ನನ್ನವರೆಗೆ ಎಂಟು ರೈಲು ಬಿಡ್ತೀವಿ ಅಂತ ಕಂಪನಿ ಜಾಹೀರಾತು ಕೊಟ್ಟಿತು. ನೈನ್ ಎಲ್ಮ್ಸ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಮುತ್ತಿದರು. ಬಾಗಿಲು ಮುರೀತು, ಪೊಲೀಸರು ಬಂದರು. ಇಂಗ್ಲಿಷರು ಸಾಲಿನಲ್ಲಿ ನಿಲ್ಲೋದರಲ್ಲಿ ನಿಸ್ಸೀಮರು ಅಂತ ಯಾರಾದರೂ ಹೇಳಿದಾಗ ನಾನು ಸುಮ್ಮನೆ ಗಡಿಯಾರ ನೋಡ್ತೀನಿ.

ಈಗಿನ ಈ ಚೆಲುವು ಯಾವಾಗಿನದು?

1937ರದು. ಸದರ್ನ್ ರೈಲ್ವೆಯ ವಾಸ್ತುಶಿಲ್ಪಿ ಜೇಮ್ಸ್ ರಾಬ್ ಸ್ಕಾಟ್ ಕೊಟ್ಟ ಮುಖ. ಆರ್ಟ್ ಡೆಕೊ ಶೈಲಿ ಅಂತಾರೆ. ಸರ್ಕಾರ ನನ್ನನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೂ ಸೇರಿಸಿದೆ, ಗ್ರೇಡ್ ಎರಡು. ಅಲ್ಲೂ ಸೆಕೆಂಡ್ ಕ್ಲಾಸೇ!

ಸಿನಿಮಾದಲ್ಲೂ ಮಿಂಚಿದ್ದೀರಿ.

2009ರ ಹ್ಯಾರಿ ಪಾಟರ್ ಚಿತ್ರದ ಆರಂಭದಲ್ಲಿ ಹುಡುಗ ಕೂತು ಪತ್ರಿಕೆ ಓದುವ ಕೆಫೆ ನನ್ನ ಪ್ಲಾಟ್‌ಫಾರ್ಮಿನದೇ. ಆದರೆ ನನ್ನೂರಿಗೆ ನಿಜವಾಗಿ ಹೆಸರು ತಂದದ್ದು 1975ರಲ್ಲಿ ಶುರುವಾದ ‘ದಿ ಗುಡ್ ಲೈಫ್’ ಅನ್ನೋ ಟೀವಿ ಹಾಸ್ಯ. ನೌಕರಿ ಬಿಟ್ಟ ಒಬ್ಬಾತ ಹಿತ್ತಿಲಲ್ಲಿ ತರಕಾರಿ ಬೆಳೆದು, ಹಂದಿ ಸಾಕಿ ಬದುಕ್ತೀನಿ ಅಂತ ಹೊರಡ್ತಾನೆ. ಕತೆ ಸರ್ಬಿಟನ್ನಿನದು, ಬೀದಿಯ ಚಿತ್ರೀಕರಣ ಲಂಡನ್ನಿನ ಆಚೆ ಮಗ್ಗುಲಿನ ನಾರ್ತ್‌ವುಡ್‌ನಲ್ಲಿ. ಇನ್ನೊಂದು ಗಮನಿಸಿ: ನನ್ನ ಊರಿನವನು ಹೀರೋ ಆಗಬೇಕಾದರೆ ಮೊದಲು ರೈಲು ಹತ್ತೋದನ್ನ ಬಿಡಬೇಕಾಯ್ತು.

ಸೇವೆಯ ವಿಚಾರಕ್ಕೆ ಬರೋಣ. ರೈಲು ತಡವಾದರೆ ಕಾರಣ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲದ ಮೇಲೆ ಎಲೆ ಅಂತೀವಿ. ನಗಬೇಡಿ, ಇದು ಸತ್ಯ. ಶರತ್ಕಾಲದಲ್ಲಿ ಉದುರಿದ ಒದ್ದೆ ಎಲೆ ಚಕ್ರಕ್ಕೆ ಸಿಕ್ಕಿ ಅರೆದು, ಹಳಿಯ ಮೇಲೆ ಕರಿ ಲೇಪದ ಹಾಗೆ ಅಂಟಿಕೊಳ್ಳುತ್ತೆ. ಚಕ್ರ ಜಾರುತ್ತೆ, ಬ್ರೇಕ್ ಹಿಡಿಯಲ್ಲ, ಚಾಲಕ ನಿಧಾನಿಸಲೇಬೇಕು. ಚಳಿಗಾಲಕ್ಕೆ ಬೇರೆ ಕಾರಣ ಇದೆ. 1916ರಿಂದ ಇಲ್ಲಿ ವಿದ್ಯುತ್ ಬರೋದು ತಲೆ ಮೇಲಿನ ತಂತಿಯಿಂದಲ್ಲ, ಪಕ್ಕದ ಮೂರನೇ ಹಳಿಯಿಂದ. ಅದಕ್ಕೆ ಮಂಜುಗಡ್ಡೆ ಕಟ್ಟಿದರೆ ಕತೆ ಮುಗೀತು. 1991ರಲ್ಲಂತೂ ಹಿಟ್ಟಿನಂಥ ಹಿಮ ಮೋಟಾರುಗಳ ಒಳಗೇ ನುಗ್ಗಿ ರೈಲುಗಳು ನಿಂತವು. ಬಿದ್ದ ಹಿಮದ ಜಾತಿ ಸರಿ ಇರಲಿಲ್ಲ ಅನ್ನೋದು ಅಂದಿನಿಂದ ಇಲ್ಲಿ ಗಾದೆಯೇ ಆಗಿಬಿಟ್ಟಿದೆ.

ಎಷ್ಟು ಯಜಮಾನರನ್ನು ಕಂಡಿರಿ?

ಬೋರ್ಡಿನ ಬಣ್ಣ ಒಣಗೋದರೊಳಗೆ ಇನ್ನೊಬ್ಬರು! ಹಳೆಯ ಕಂಪನಿಗಳು, 1923ರಲ್ಲಿ ಸದರ್ನ್, 1948ರಲ್ಲಿ ಸರ್ಕಾರ, 1996ರಲ್ಲಿ ಖಾಸಗಿ, 2017ರಲ್ಲಿ ಇನ್ನೊಂದು ಖಾಸಗಿ, 2025ರ ಮೇ 25ಕ್ಕೆ ತಿರುಗಿ ಸರ್ಕಾರ. ಆ ಭಾನುವಾರದ ಕತೆ ಕೇಳಿ. ಸರ್ಕಾರದ ಕೈಗೆ ಬಂದ ಮೊದಲ ರೈಲು, ಬೆಳಗಿನ 5:36ಕ್ಕೆ ವೋಕಿಂಗ್‌ನಿಂದ ಹೊರಟಿತು. ಮುಂದೆ ಹಳಿ ರಿಪೇರಿ. ನನ್ನಲ್ಲಿ ಎಲ್ಲರನ್ನೂ ಇಳಿಸಿ ಬಸ್ಸಿಗೆ ಹತ್ತಿಸಿದರು.

ಇತಿಹಾಸದ ದಿನವೇ ಬಸ್ಸೇ?

ಅದೇ ಸಂಪ್ರದಾಯ ಸ್ವಾಮಿ. 1996ರ ಫೆಬ್ರುವರಿ 4ರಂದು ರೈಲು ಖಾಸಗಿಯವರ ಪಾಲಾದಾಗ, ದೇಶದ ಮೊದಲ ಖಾಸಗಿ ಸೇವೆ ಅಂತ ನಡುರಾತ್ರಿ ವೇಲ್ಸ್‌ನ ಫಿಶ್‌ಗಾರ್ಡ್‌ನಿಂದ ಹೊರಟದ್ದೂ ಬಸ್ಸೇ. ಖಾಸಗಿ ಒಳ್ಳೆಯದೋ ಸರ್ಕಾರಿ ಒಳ್ಳೆಯದೋ ಅಂತ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಜಗಳ ಆಡಿದರು. ಇಬ್ಬರೂ ಶುಭಾರಂಭಕ್ಕೆ ಬಸ್ ಕರೆಸಿದರು.

ಬೇಸರ ಅನ್ನೋದು ಇದೆಯೇ?

ಒಂದೇ. ನನ್ನ ಹತ್ತಿರ ಇರಬೇಕು ಅಂತ ಜನ ದುಬಾರಿ ಬೆಲೆ ಕೊಟ್ಟು ಮನೆ ಕೊಳ್ತಾರೆ. ಬೆಳಗಾದರೆ ನನ್ನನ್ನು ಬಿಟ್ಟು ಹೋಗೋದಕ್ಕೆ ಮತ್ತೆ ಟಿಕೆಟಿಗೆ ದುಡ್ಡು ತೆರ್ತಾರೆ. ನೆಲದ ಮೇಲೆ ಗುರುತಿಲ್ಲ, ಗೆರೆಯಿಲ್ಲ. ಆದರೂ ಬಾಗಿಲು ತೆರೆದುಕೊಳ್ಳುವ ಜಾಗದಲ್ಲೇ ಮೂವರು ನಾಲ್ವರು ಗುಂಪಾಗಿ ನಿಂತಿರ್ತಾರೆ, ಇಂಥ ಬೋಗಿ, ಇಂಥ ಬಾಗಿಲು ಅಂತ. ವರ್ಷಾನುಗಟ್ಟಲೆ ಅದೇ ಹೆಗಲ ಪಕ್ಕ ಅದೇ ಹೆಗಲು, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ರೈಲು ರದ್ದಾಯ್ತು ಅಂತ ಘೋಷಣೆ ಆಗಲಿ, ಆಗ ನೋಡಿ: ‘ಇವತ್ತೂನಾ?’ ಅಂತ ಒಬ್ಬರು ಶುರು ಮಾಡಿದರೆ, ಮಕ್ಕಳ ಶಾಲೆ, ಮಂಡಿ ನೋವು, ಎಲ್ಲ ಬರುತ್ತೆ. ನಾನು ಕೆಲಸ ತಪ್ಪಿದ ದಿನವೇ ಊರು ಊರಾಗೋದು. ಇದನ್ನ ಯಾವ ಯಜಮಾನನ ಹತ್ತಿರ ಹೇಳ್ಲಿ?

ಮುಂದಿನ ಪ್ರಶ್ನೆ ಬಾಯಲ್ಲಿತ್ತು. ಅಷ್ಟರಲ್ಲಿ ಕೋಟು ತೊಟ್ಟ ಒಬ್ಬರು ಬಂದು ನನ್ನ ಮುಖ ನೋಡಲಿಲ್ಲ, ನನ್ನ ಕಾಲ ಕೆಳಗಿನ ನೆಲ ನೋಡಿದರು. ಮೆಲ್ಲಗೆ ಕೆಮ್ಮಿದರು. ಏನೆಂದು ತಿಳಿಯದೆ ಎರಡು ಹೆಜ್ಜೆ ಸರಿದೆ. ಅವರು ಆ ಜಾಗದಲ್ಲಿ ನಿಂತರು.

ರೈಲು ಬಂತು. ಬಾಗಿಲು ತೆರೆದದ್ದು ಸರಿಯಾಗಿ ಅವರ ಮೂಗಿನ ನೇರಕ್ಕೆ.